ದಿಬ್ಬದ ಸಾಲಿಗೆ ನೀರು

ಟಾಕಿಯೊಳಗೆ ನೀರು ಬೀಳುವ ಸಪ್ಪಳ ಕೇಳಿ ಚಂದ್ರಾಮಪ್ಪ ಮೊದಲು ನಂಬಲಿಲ್ಲ. ಕೈಯಲ್ಲಿದ್ದ ವಾಲಿನ ಚಾವಿಯನ್ನು ದಿಬ್ಬದ ಮೇಲಿನ ಶಾಲೆಯ ಗೋಡೆಗೆ ಒರಗಿಸಿ, ಕಬ್ಬಿಣದ ಏಣಿ ಹತ್ತಿ, ಮುಚ್ಚಳ ಸರಿಸಿ ನೋಡಿದ. ಎರಡು ಬೆರಳು ದಪ್ಪದ ಧಾರೆ ಯಾರ ಹಂಗೂ ಇಲ್ಲದೆ ಸುರಿಯುತ್ತಿತ್ತು. ಪಂಚಾಯತಿಯವರು ಹೆಣ್ಣುಮಕ್ಕಳಿಗೆಂದು ಶೌಚಾಲಯ ಕಟ್ಟಿಸಿ, ಪೈಪು ಎಳೆಸಿ, ರಿಬ್ಬನ್ ಕತ್ತರಿಸಿ, ಫೋಟೊ ತೆಗೆಸಿಕೊಂಡು ಹೋಗಿ ಏಳು ತಿಂಗಳಾಗಿತ್ತು. ಆ ಏಳು ತಿಂಗಳಲ್ಲಿ ಒಂದು ಹನಿಯೂ ದಿಬ್ಬ ಹತ್ತಿರಲಿಲ್ಲ.

ಮುಖ್ಯೋಪಾಧ್ಯಾಯಿನಿ ನಾಗರತ್ನಾ ಟೀಚರು ಹಾಜರಿ ಪುಸ್ತಕ ಕೈಯಲ್ಲಿ ಹಿಡಿದೇ ಹೊರಗೆ ಬಂದರು.

“ಏನ್ ಮಾಡಿದ್ರಿ ಚಂದ್ರಾಮಪ್ಪ? ಇವತ್ತು ಹ್ಯಾಂಗ ಬಂತು?”

“ನಾ ಏನೂ ಮಾಡಿಲ್ರಿ ಟೀಚರ್. ದಿನಾ ಬಿಟ್ಟಂಗೇ ಬಿಟ್ಟೀನಿ.”

ಅದು ನಿಜವೇ ಆಗಿತ್ತು. ಹನ್ನೆರಡು ವರ್ಷದಿಂದ ಅವನು ಹಾಸಗಲ್ ಪಂಚಾಯತಿಯ ವಾಟರ್‌ಮನ್. ಬೆಳಿಗ್ಗೆ ಆರಕ್ಕೆ ದೊಡ್ಡ ಟಾಕಿಯ ವಾಲು ತಿರುಗಿಸುವುದು, ಓಣಿಗೆ ಇಷ್ಟು ಹೊತ್ತು ಎಂದು ನೀರು ಬಿಡುವುದು, ಬೈಸಿಕೊಳ್ಳುವುದು, ಇಷ್ಟೇ ಕೆಲಸ. ಏಣಿಯಿಂದ ಇಳಿದವನು ಕಿಟಕಿಯೊಳಗೆ ಇಣುಕಿದ. ತರಗತಿಯ ಫ್ಯಾನು ತಿರುಗುತ್ತಿರಲಿಲ್ಲ. ಲೈನಿನ ಕೆಲಸಕ್ಕೆಂದು ಊರಿನ ಕರೆಂಟು ಬೆಳಗಿನಿಂದ ಇರಲಿಲ್ಲ. ಅವನಿಗೆ ಎಲ್ಲವೂ ತಿಳಿದುಹೋಯಿತು. ತಿಳಿದದ್ದನ್ನು ಟೀಚರಿಗೆ ಹೇಳಲು ಬಾಯಿ ಬರಲಿಲ್ಲ.

ಸೇಡಂನಿಂದ ಕೋಡ್ಲಾ ಕಡೆ ಹೋಗುವಾಗ ಎಡಕ್ಕೆ ಹೊರಳಿದರೆ ಸಿಗುವ ಈ ಹಾಸಗಲ್ಲಿನಲ್ಲಿ ಎಲ್ಲರಿಗೂ ಗೊತ್ತಿದ್ದ, ಯಾರೂ ಬಾಯಿ ಬಿಡದ ಸಂಗತಿ ಒಂದಿತ್ತು. ಅದು ಟುಲ್ಲು ಮೋಟರು. ಅಂಗೈ ಮೇಲೆ ಕೂರುವಂಥ ಸಣ್ಣ ಯಂತ್ರ. ನಳಕ್ಕೆ ಸಿಕ್ಕಿಸಿ ಗುಂಡಿ ಒತ್ತಿದರೆ ಪೈಪಿನಲ್ಲಿ ಮುಂದೆ ಹೋಗಬೇಕಾದ ನೀರನ್ನೆಲ್ಲ ಹಿಂದಕ್ಕೆ ಜಗ್ಗಿ ನಿಮ್ಮ ಹೌದಿಗೆ ತುಂಬುತ್ತದೆ. ಒಬ್ಬರು ತಂದರು, ಪಕ್ಕದವರ ನಳ ಒಣಗಿತು, ಅವರೂ ತಂದರು. ಹೀಗೆ ಊರೆಲ್ಲ ತಂದಾಯಿತು. ಇಂಜಿನಿಯರ್ ಸಾಹೇಬರು ಎರಡು ಸಲ ಬಂದು ನೋಡಿದ್ದರು. ಎರಡೂ ಸಲ ಊಟ ಮುಗಿಸಿಕೊಂಡು ಮಧ್ಯಾಹ್ನ ಬಂದದ್ದರಿಂದ, ಬೆಳಿಗ್ಗೆ ಆರೂವರೆಗೆ ಓಣಿಗಳಲ್ಲಿ ಏಳುವ ಗುಂಯ್‌ಗುಡುವಿಕೆ ಅವರ ಕಿವಿಗೆ ಬಿದ್ದಿರಲಿಲ್ಲ. ದಿಬ್ಬದ ಎತ್ತರ ಅಳೆದು, ತಲೆಯಾಡಿಸಿ, ಬೇರೆಯೇ ಪೈಪು ಬೇಕೆಂದು ಬರೆದುಕೊಂಡು ಹೋಗಿದ್ದರು.

ಎಷ್ಟು ಮನೆಯಲ್ಲಿ ಮೋಟರು ಇದೆಯೆಂದು ಚಂದ್ರಾಮಪ್ಪ ಕಣ್ಣು ಮುಚ್ಚಿಕೊಂಡು ಹೇಳಬಲ್ಲವನಾಗಿದ್ದ. ಹೇಳದಿರುವುದಕ್ಕೆ ಕಾರಣ ಇಷ್ಟೇ: ಅವುಗಳಲ್ಲಿ ಒಂದು ಅವನದೇ ಬಚ್ಚಲಲ್ಲಿ ಇತ್ತು.

ಮರುದಿನ ಕರೆಂಟು ಬಂತು. ದಿಬ್ಬದ ನಳ ಮತ್ತೆ ಒಣಗಿತು. ಹನ್ನೊಂದರ ಹೊತ್ತಿಗೆ ಚಂದ್ರಾಮಪ್ಪ ಮನೆಯ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದಾಗ ಮಗಳು ಭಾಗ್ಯವಂತಿ ಓಡುತ್ತ ಬಂದಳು. ಏಳನೇ ತರಗತಿಯ ಹುಡುಗಿ. ಸಣ್ಣ ಬಿಡುವಿನಲ್ಲಿ ದಿನವೂ ಹೀಗೆ ಬಂದು ಹೋಗುವುದು ಅವಳ ರೂಢಿ, ಅದನ್ನು ಕೆಣಕುವುದು ಅಪ್ಪನ ರೂಢಿ.

“ಬಂತು ನೋಡು ನಮ್ಮ ಹನ್ನೊಂದು ಗಂಟಿ ಬಸ್ಸು. ಇವತ್ತೇನ್ ತಿನ್ಲಿಕ್ಕ ಬಂದದ?”

ಹುಡುಗಿ ತಲೆ ತಗ್ಗಿಸಿಕೊಂಡು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಹಾಗೇ ತಲೆ ತಗ್ಗಿಸಿಕೊಂಡು ಓಡಿದಳು. ಅಂಗಳದಲ್ಲಿ ತೊಗರಿ ಹಸನು ಮಾಡುತ್ತಿದ್ದ ದಾನಮ್ಮ ಮೊರ ಕೆಳಗಿಟ್ಟಳು.

“ತಿನ್ಲಿಕ್ಕ ಬರಂಗಿಲ್ರಿ ಅಕಿ. ವರ್ಷೆಲ್ಲಾ ಹಂಗೇ ಅನ್ಲಿಕತ್ತೀರಿ, ಪಾಪ ಹುಡಗಿ ಕೇಳ್ಕೋತ ಬಂದಾಳ.”

“ಮತ್ತ ಯಾಕ ಬರ್ತಾಳ?”

“ಸಾಲ್ಯಾಗ ಪಾಯಖಾನಿಗೆ ಕೀಲಿ ಹಾಕ್ಯಾರ, ನೀರಿಲ್ಲಂತ. ದೊಡ್ಡ ಹುಡಗ್ಯಾರು ಎಲ್ಲಿ ಹೋಗ್ಬೇಕ್ರಿ? ಮನಿ ಹತ್ರ ಇದ್ದವರು ಓಡಿ ಬರ್ತಾವ. ತಾಂಡಾದ ಹುಡಗ್ಯಾರು ಮುಂಜಾನಿಂದ ಸಂಜಿತನಕ ಒಂದು ಗುಟುಕು ನೀರು ಕುಡಿಯಂಗಿಲ್ಲಂತ. ನಿಮ್ಗ ಹ್ಯಾಂಗ ಹೇಳ್ತಾಳ ಅದನ್ನ?”

ಚಂದ್ರಾಮಪ್ಪ ಕಪ್ಪನ್ನು ಬಸಿಯ ಮೇಲಿಟ್ಟ. ಅವನಿಗೆ ನಾಚಿಕೆಯಾಯಿತು. ಊರಿಗೆ ನೀರು ಬಿಡುವವನ ಮಗಳು ಶಾಲೆಯಿಂದ ಮನೆಗೆ ಓಡಿ ಬರುತ್ತಾಳೆ. ಬಂದು ತಂಬಿಗೆ ಅದ್ದುವುದು ಆ ಶಾಲೆಯ ನೀರಲ್ಲೇ. ಅದನ್ನು ಕದ್ದು ತುಂಬಿಟ್ಟವನು ತಾನು, ಮೇಲೆ ಚೇಷ್ಟೆ ಮಾಡುವವನೂ ತಾನು. ಕಪ್ಪು ಬಸಿಯನ್ನು ಹಾಗೇ ಬಿಟ್ಟು ಎದ್ದುಹೋದ.

ಶುಕ್ರವಾರ ಪಂಚಾಯತಿಯ ಸಭೆ ಇತ್ತು. ಸದಸ್ಯರೆಲ್ಲ ಬಂದಿದ್ದರು. ನಡುವೆ ಅಧ್ಯಕ್ಷೆ ಲುಂಬಿನಿ ಕುಳಿತಿದ್ದಳು. ಬಿ.ಎ. ಓದಿದ ಹೆಣ್ಣುಮಗಳು, ಮಾತು ಕಡಿಮೆ, ಕಾಗದ ಓದದೆ ಸಹಿ ಹಾಕುವವಳಲ್ಲ. ಚಂದ್ರಾಮಪ್ಪ ಎಂದಿನಂತೆ ಬಾಗಿಲ ಬಳಿ ನಿಂತಿದ್ದ. ಇಂಜಿನಿಯರ್ ತಮ್ಮ ಅಂದಾಜುಪಟ್ಟಿ ಮೇಜಿನ ಮೇಲೆ ಹರಡಿದರು. ದೊಡ್ಡ ಟಾಕಿಯಿಂದ ನೇರವಾಗಿ ದಿಬ್ಬಕ್ಕೆ ಬೇರೆ ಪೈಪು ಎಳೆಯಬೇಕು. ಅದಕ್ಕೆ ಈ ವರ್ಷ ಇರುವುದು ಒಂದೇ ಅನುದಾನ, ಶಾಲೆಯ ಹೊಸ ಕೋಣೆಗೆಂದು ತೆಗೆದಿಟ್ಟದ್ದು. ಪೈಪು ಬಂದರೆ ಕೋಣೆ ಇಲ್ಲ.

ನಾಗರತ್ನಾ ಟೀಚರು ಎದ್ದು ನಿಂತರು.

“ಕೋಣಿ ಇಲ್ಲಂದ್ರ ಎಂಟನೇ ಕ್ಲಾಸು ಬರಂಗಿಲ್ರಿ. ಹೋದ ವರ್ಷ ಏಳನೇದು ಮುಗಿಸಿದ ಹುಡಗ್ಯಾರು ಹದಿನಾಲ್ಕು ಮಂದಿ. ಸೇಡಂ ಬಸ್ಸು ಹತ್ತಿದವರು ಐದೇ ಮಂದಿ. ಉಳದವರು ಹೊಲದಾಗ ಅದಾರ.”

“ನೀರಿಲ್ಲದ ಪಾಯಖಾನಿ ಇಟಗೊಂಡು ಕೋಣಿ ಕಟ್ಟಿ ಏನ್ ಮಾಡ್ತೀರಿ ಟೀಚರ್?” ಎಂದ ಲಕ್ಷ್ಮಿಕಾಂತ. ಊರ ನಡುವಿನ ಓಣಿಯ ಸದಸ್ಯ. ಅವನ ಮಕ್ಕಳು ಸೇಡಂನ ಕಾನ್ವೆಂಟಿನ ವ್ಯಾನು ಹತ್ತುವವರು. “ಒಂದೊಂದೇ ಆಗ್ಲಿ. ಮೊದಲು ನೀರು.”

ಮಾತು ನ್ಯಾಯವಾಗಿಯೇ ಇತ್ತು. ಇಬ್ಬರು ಮೂವರು ತಲೆಯಾಡಿಸಿದರು. ಲುಂಬಿನಿ ಪೆನ್ನಿನ ಮುಚ್ಚಳ ತೆಗೆಯಲಿಲ್ಲ. ಬಾಗಿಲ ಕಡೆ ನೋಡಿದಳು.

“ಚಂದ್ರಾಮಣ್ಣ, ದಿನಾ ನೀರು ಬಿಡೋರು ನೀವು. ನಿಮ್ಗ ಏನ್ ಅನಸ್ತದ?”

ಹೇಳದೆ ಇದ್ದರೆ ಯಾರೂ ಕೇಳುವವರಿರಲಿಲ್ಲ. ಅವನ ನೌಕರಿ ಕಾಯಂ ಮಾಡುವ ಅನುಮೋದನೆಯ ಫೈಲು ಕಲಬುರಗಿಯ ಜಿಲ್ಲಾ ಪಂಚಾಯತಿಗೆ ಹೋಗಿ ಕೂತಿತ್ತು. ಹನ್ನೆರಡು ವರ್ಷ ಕಾದದ್ದು ಆ ಒಂದು ಕಾಗದಕ್ಕೆ. ಆದರೆ ಜೂನ್ ಬಂದರೆ ಭಾಗ್ಯವಂತಿಗೂ ಎಂಟನೇ ತರಗತಿ. ಬಸ್ಸಿಗೆ ಮಾತ್ರ ಕಳಿಸುವುದಿಲ್ಲ ಎಂದು ದಾನಮ್ಮ ಖಡಾಖಂಡಿತ ಹೇಳಿಬಿಟ್ಟಿದ್ದಳು.

“ಹತ್ತು ಮಿನಿಟು ತಡೀರಿ ಮೇಡಂ. ಈಗ ಬಂದೆ,” ಎಂದು ಅವನು ಹೊರಬಿದ್ದ.

ಬಚ್ಚಲಲ್ಲಿ ನಟ್ಟು ಬಿಚ್ಚುವ ಪಾನಾ ಹಿಡಿದು ಕೂತವನನ್ನು ನೋಡಿ ದಾನಮ್ಮ ಗಾಬರಿಯಾದಳು.

“ಏನ್ ಮಾಡ್ಲಿಕತ್ತೀರಿ?”

“ಬಿಚ್ಚಲಿಕತ್ತೀನಿ. ಪಂಚಾಯತ್ಯಾಗ ಇಟ್ಟು ಬರ್ತೀನಿ.”

“ತಲಿ ಗಿಲಿ ಕೆಟ್ಟದೇನು? ಫೈಲು ಅಲ್ಲಿ ಕುಂತದ. ಲಕ್ಷ್ಮಿಕಾಂತ ಸಾವ್ಕಾರು ಇದಕ್ಕೇ ಕಾಯ್ಲಿಕತ್ತಾರ. ಮೊದಲು ಉಳದವರದು ಬಿಚ್ಚಸ್ರಿ.”

“ಉಳದವರದು ಬಿಚ್ಚಸ್ಲಿಕ್ಕ ನನ್ಗ ಬಾಯಿ ಬೇಕಲ್ಲ, ದಾನಿ.”

ನಟ್ಟು ತುಕ್ಕು ಹಿಡಿದಿತ್ತು. ಅವನು ತಿರುಗಿಸಿದಷ್ಟೂ ಪೈಪೇ ತಿರುಗುತ್ತಿತ್ತು. ದಾನಮ್ಮ ಬಾಗಿಲಲ್ಲಿ ನಿಂತು ಸ್ವಲ್ಪ ಹೊತ್ತು ನೋಡಿದಳು. ಈ ಮೋಟರಿಗಾಗಿ ಎರಡು ವರ್ಷ ಗಂಡನ ಬೆನ್ನು ಬಿದ್ದವಳು ಅವಳೇ. ನೀರು ಬಿಡುವವನ ಹೆಂಡತಿ ಖಾಲಿ ಕೊಡ ಹಿಡಿದು ಕೂತಿದ್ದಾಳೆಂದು ಓಣಿಯವರು ನಕ್ಕದ್ದನ್ನು ಅವಳು ಮರೆತಿರಲಿಲ್ಲ. ಕೊನೆಗೆ ಸೀರೆಯ ಅಂಚು ಸಿಕ್ಕಿಸಿಕೊಂಡು ಒಳಗೆ ಬಂದು, ಎರಡೂ ಕೈಯಿಂದ ಪೈಪನ್ನು ಅಲುಗದಂತೆ ಹಿಡಿದಳು.

“ಹೂಂ, ತಿರಗಸ್ರಿ ಈಗ,” ಎಂದಳು.

ಮೋಟರನ್ನು ಅವನು ತಂದಿಟ್ಟದ್ದು ಅಂದಾಜುಪಟ್ಟಿಯ ಮೇಲೆಯೇ. ಒಳಗೆ ಉಳಿದಿದ್ದ ನೀರು ಇಳಿದು ಕಾಗದ ಒದ್ದೆಯಾಯಿತು. ಇಂಜಿನಿಯರ್ ಕುರ್ಚಿ ಹಿಂದಕ್ಕೆ ಸರಿಸಿದರು.

“ಪೈಪು ಛಲೋ ಅದರಿ ಮೇಡಂ,” ಎಂದ ಚಂದ್ರಾಮಪ್ಪ. “ಮಂಗಳವಾರ ಕರೆಂಟು ಇರಲಿಲ್ಲ, ಸಾಲಿ ಟಾಕಿ ತುಂಬಿತು. ಬುಧವಾರ ಕರೆಂಟು ಬಂತು, ನೀರು ನಿಂತಿತು. ನೀರು ನಡುವೇ ನಾವು ಜಗ್ಗಕೊಳ್ಳಕತ್ತೀವಿ. ಇದು ನಮ್ಮ ಮನಿದು. ನನ್ನದು ತಪ್ಪಾಗ್ಯದ.”

ಅದುವರೆಗೆ ಅಂದಾಜುಪಟ್ಟಿ ನೋಡುತ್ತಿದ್ದವರೆಲ್ಲ ಈಗ ತಮ್ಮ ತಮ್ಮ ಚಪ್ಪಲಿ ನೋಡತೊಡಗಿದರು.

“ಪಂಚಾಯತಿ ನೌಕರನೇ ಹಿಂಗ ಮಾಡಿದ್ರ ಹ್ಯಾಂಗ?” ಲಕ್ಷ್ಮಿಕಾಂತ ಎದ್ದ. “ಇವನ ಫೈಲು ವಾಪಸ್ ತರಸ್ರಿ ಮೊದಲು. ಮತ್ತ ಯಾರ್ಯಾರ ಮನ್ಯಾಗ ಅದಾವ? ಹೇಳು ಹೆಸರು.”

“ನನ್ನ ಹೆಸರು ಹೇಳೀನ್ರಿ ಸಾವ್ಕಾರ್ರ. ಉಳದವರದು ಅವರವರೇ ಹೇಳ್ಲಿ.”

ಲಕ್ಷ್ಮಿಕಾಂತ ಕುಳಿತು ಜೇಬಿನಿಂದ ಮೊಬೈಲು ತೆಗೆದ. ಲುಂಬಿನಿ ಮೋಟರನ್ನು ಪಕ್ಕಕ್ಕೆ ಸರಿಸಿ, ಒದ್ದೆಯಾದ ಕಾಗದ ಎತ್ತಿ ಇಂಜಿನಿಯರ್ ಕೈಗೆ ಕೊಟ್ಟಳು. ಆಮೇಲೆ ಪಂಚಾಯತಿಯ ಅಧಿಕಾರಿಯ ಕಡೆ ತಿರುಗಿದಳು.

“ಬರಕೋರಿ ಪಿಡಿಒ ಸಾಹೇಬ್ರ. ಒಂದನೇದು ಚಂದ್ರಾಮಣ್ಣಂದು. ಎರಡನೇದು ನಮ್ಮ ಮನಿದು. ನಮ್ಮ ಅತ್ತಿ ಬಚ್ಚಲದಾಗ ಅದ. ಸಂಜಿಗೆ ಬಿಚ್ಚಿಸಿ ಕಳಸ್ತೀನಿ.”

ಮೂಲೆಯಲ್ಲಿದ್ದ ಮುದುಕ ಸದಸ್ಯನೊಬ್ಬ ಗಂಟಲು ಸರಿಮಾಡಿಕೊಂಡು ತನ್ನದೂ ಇದೆ ಎಂದ. ಇನ್ನೊಬ್ಬ ಕೈಯನ್ನಷ್ಟೇ ಎತ್ತಿದ. ಲಕ್ಷ್ಮಿಕಾಂತ ಮೊಬೈಲು ನೋಡುತ್ತ ಕುಳಿತಿದ್ದ. ಠರಾವು ಹೀಗೆ ಆಯಿತು: ಸೋಮವಾರದಿಂದ ಐದು ದಿನ ಯಾರೂ ಮೋಟರು ಹಚ್ಚಬಾರದು. ಐದನೇ ದಿನ ಇಂಜಿನಿಯರ್ ಬೆಳಿಗ್ಗೆಯೇ ಬಂದು ಶಾಲೆಯ ಟಾಕಿಯ ಹತ್ತಿರ ಕೂರಬೇಕು. ಎಂಟು ಗಂಟೆಯೊಳಗೆ ನೀರು ಏರಿದರೆ ಅನುದಾನ ಕೋಣೆಗೆ, ಏರದಿದ್ದರೆ ಪೈಪಿಗೆ. ಚಂದ್ರಾಮಪ್ಪನ ಫೈಲಿನ ವಿಚಾರ ಆಮೇಲೆ.

ಐದು ದಿನ ಅವನು ತಿಂದ ಬೈಗುಳ ಹನ್ನೆರಡು ವರ್ಷದ ಬೈಗುಳವನ್ನು ಮೀರಿಸಿತು. ಸೋಮವಾರ ಅರ್ಧ ಊರು ಮೋಟರು ಹಚ್ಚಿತ್ತು. ಲುಂಬಿನಿ ಮತ್ತು ಟೀಚರು ಸಂಜೆ ಮನೆ ಮನೆ ತಿರುಗಿದರು. ಲುಂಬಿನಿಯ ಅತ್ತೆ ತನ್ನ ಬಚ್ಚಲಿನ ಖಾಲಿ ನಳ ತೋರಿಸುತ್ತ ಮನೆಯ ಮೋಟರನ್ನೇ ಬಿಚ್ಚಿಸಿದ ಸೊಸೆಯನ್ನು ಓಣಿಯವರಿಗೆ ದೂರಿದಳು. ಆ ದೂರು ಇವರ ಮಾತಿಗಿಂತ ಹೆಚ್ಚು ಕೆಲಸ ಮಾಡಿತು. ಬುಧವಾರ ಹತ್ತಿಪ್ಪತ್ತು ಮೋಟರು ಉಳಿದವು. ಗುರುವಾರ ಐದಾರು. ನೀರು ದಿಬ್ಬದ ಬುಡದವರೆಗೆ ಬಂದು ನಿಂತಿತು.

ಶುಕ್ರವಾರ ಏಳೂವರೆಗೆ ಚಂದ್ರಾಮಪ್ಪ ಊರ ನಡುವಿನ ಓಣಿಗೆ ಬಂದಾಗ ಎಲ್ಲ ಕಡೆ ಮೌನ. ಹೆಂಗಸರು ನಳದ ಮುಂದೆ ಕೊಡ ಇಟ್ಟುಕೊಂಡು ಅವನನ್ನು ದುರುಗುಟ್ಟಿ ನೋಡುತ್ತಿದ್ದರು. ಒಂದೇ ಒಂದು ಮೋಟರು ಗುಂಯ್‌ಗುಡುತ್ತಿತ್ತು. ಉಳಿದವುಗಳಿಗಿಂತ ದೊಡ್ಡದು, ಲಕ್ಷ್ಮಿಕಾಂತನ ಮನೆಯದು. ಆ ಬಾಗಿಲು ಬಡಿಯುವ ಧೈರ್ಯ ಅವನಿಗಿರಲಿಲ್ಲ. ಮುಂದೆ ಹೋಗಲೂ ಕಾಲು ಬರಲಿಲ್ಲ. ದಿಬ್ಬದ ಮೇಲೆ ಇಂಜಿನಿಯರ್ ಗಡಿಯಾರ ನೋಡುತ್ತ ಕೂತಿರುತ್ತಾರೆ, ಎಂಟಾಗಲು ಇನ್ನು ಅರ್ಧ ಗಂಟೆ.

ಲಕ್ಷ್ಮಿಕಾಂತನ ತಾಯಿ ಗುಂಡಮ್ಮ ಪರಸಿಕಲ್ಲಿನ ಕಟ್ಟೆಯ ಮೇಲೆ ಬಿಸಿಲು ಕಾಯಿಸುತ್ತ ಕುಳಿತಿದ್ದಳು.

“ಯಾಕೋ ಚಂದ್ರಾಮ, ಕಂಬದಂಗ ನಿಂತೀ? ಸಾಲಿಗೆ ಏರಿತೇನು?”

“ಇನ್ನಾ ಇಲ್ರಿ ಆಯಿ.”

“ಮತ್ತ ಯಾವಾಗ ಏರ್ತದ?”

ಚಂದ್ರಾಮಪ್ಪ ಅವಳ ಮನೆಯ ಬಾಗಿಲ ಕಡೆ ನೋಡಿದ. ಒಳಗೆ ಮೋಟರು ಓಡುತ್ತಲೇ ಇತ್ತು. ಮುದುಕಿ ಅವನ ಮುಖ ನೋಡಿದಳು, ಎದುರು ಸಾಲಿನಲ್ಲಿ ಕೊಡ ಇಟ್ಟು ಕೂತವರ ಮುಖ ನೋಡಿದಳು. ಆಮೇಲೆ ಕೋಲೂರಿ ನಿಧಾನವಾಗಿ ಎದ್ದು ಒಳಗೆ ಹೋದಳು. ಮೋಟರು ನಿಂತಿತು.

“ಯವ್ವ, ಯಾಕ ಬಂದ್ ಮಾಡ್ದಿ?” ಎಂದು ಮಗನ ದನಿ ಒಳಗಿನಿಂದ ಬಂತು.

ಚಂದ್ರಾಮಪ್ಪನ ಜೇಬಿನಲ್ಲಿ ಫೋನು ಬಡಿದುಕೊಂಡಿತು. ನಾಗರತ್ನಾ ಟೀಚರು.

“ಚಂದ್ರಾಮಪ್ಪ, ಪೈಪು ಬುಸ್ ಬುಸ್ ಅನ್ಲಿಕತ್ತದ. ಬರೇ ಗಾಳಿ ಬರ್ಲಿಕತ್ತದ ನೋಡ್ರಿ.”

“ಗಾಳಿನೇ ಮುಂದ ಬರ್ತದ್ರಿ ಟೀಚರ್,” ಎಂದ ಅವನು. “ಅದರ ಹಿಂದೇ ನೀರು ಇರ್ತದ. ಕುಂದ್ರಿ ಅಂತ ಹೇಳ್ರಿ ಸಾಹೇಬ್ರಿಗೆ.”

ಗುಂಡಮ್ಮ ಸೊಂಟದ ಮೇಲೆ ಹಳೆಯ ತಾಮ್ರದ ಕೊಡ ಇಟ್ಟುಕೊಂಡು ಹೊರಗೆ ಬಂದಳು. ಅಂಗಳದ ನಳದ ಕೆಳಗೆ ಅದನ್ನಿಟ್ಟು, ನಳ ತಿರುವಿ, ನೆಲದ ಮೇಲೆ ಕುಳಿತಳು. ನಳದಿಂದ ನೂಲಿನಷ್ಟು ಸಣ್ಣ ಧಾರೆ ಇಳಿಯತೊಡಗಿತು. ಮುದುಕಿ ಸೆರಗನ್ನು ಮೊಣಕಾಲಿನ ಮೇಲೆ ಎಳೆದುಕೊಂಡು, ಕೊಡ ತುಂಬುವುದನ್ನೇ ನೋಡುತ್ತ ಕಾದಳು.