ಪಂಚಮಿಗೆ ಹೋದವಳ ಬಳೆ

ನನ್ನ ನಾದಿನಿ ಸಿದ್ದಲಿಂಗವ್ವನನ್ನು ಅವಳ ಗಂಡ ನಿಜಗುಣಪ್ಪಣ್ಣ ‘ಬರ್ರಿ, ಕುಂದರ್ರಿ’ ಎಂದು ಮಾತಾಡಿಸುತ್ತಾನೆ. ಕೇಳಿದವರು ಎಂಥ ಮರ್ಯಾದಸ್ಥ ಗಂಡ ಅನ್ನಬೇಕು. ಆ ಮರ್ಯಾದೆಗೆ ಬೆಂಕಿ ಬೀಳಲಿ.

ನಿಜಗುಣಪ್ಪಣ್ಣನದು ಬೈಲಹೊಂಗಲದಲ್ಲಿ ಕಿರಾಣಿ ಅಂಗಡಿ. ನಾಗರಪಂಚಮಿ ಇನ್ನೇನು ಬಂತು ಅನ್ನುವಾಗ ಯರಗಟ್ಟಿಯ ಹತ್ತಿರ ಬೈಕು ಜಾರಿ ತಲೆಗೆ ಪೆಟ್ಟಾಯಿತು. ಬೆಳಗಾವಿಯಲ್ಲಿ ಆಪರೇಷನ್ ಆಗಿ, ಬಹಳ ದಿನ ಮಬ್ಬಿನಲ್ಲಿದ್ದು, ಅಂತೂ ಬದುಕಿ ಮನೆಗೆ ಬಂದ. ಬೇಳೆಕಾಳಿನ ದರ ನೆನಪಿತ್ತು, ಓಣಿಯ ನಾಯಿಯ ಹೆಸರೂ ನೆನಪಿತ್ತು. ನೋಡಲು ಹೋದ ನನ್ನನ್ನು, ನಿನ್ನ ನಾಲಿಗೆ ಇನ್ನೂ ಹಾಗೇ ಇದೆಯೇ ತಂಗಿ ಎಂದು ಛೇಡಿಸಿದ. ಹೋದ ಜೀವ ಬಂದಂತಾಯಿತು. ಅಷ್ಟರಲ್ಲಿ ಸಿದ್ದಲಿಂಗವ್ವ ಚಹಾ ತಂದಳು. ಅವಳ ಮುಖ ನೋಡಿ ಹಿಂದೆ ಸರಿದು ಕುಳಿತ.

‘ಆಕಿ ಹಂಗ ಅದೀರಿ,’ ಅಂದ. ‘ಆದ್ರ ಆಕಿ ಅಲ್ರಿ ನೀವು.’

ಅದೇ ಮೂಗು, ಗಲ್ಲದ ಮೇಲೆ ಅದೇ ಮಚ್ಚೆ ಎಂದು ಅವನೇ ಒಪ್ಪುತ್ತಿದ್ದ. ಓಣಿಯವರು ಮಾಟ ಅಂದರು. ಇನ್ನು ಕೆಲವರು, ಅವನು ಬೇರೆ ಯಾರನ್ನೋ ಇಟ್ಟುಕೊಂಡು ನಾಟಕ ಮಾಡುತ್ತಿದ್ದಾನೆ ಅಂದರು. ಆಡುವವರ ಬಾಯಿ ಯಾರು ಕಟ್ಟುತ್ತಾರೆ? ಬೆಳಗಾವಿಯ ಡಾಕ್ಟರಮ್ಮ ಪ್ರಜ್ಞಾ ಮಾತ್ರ ನಮಗೆ ಬಿಡಿಸಿ ಹೇಳಿದರು. ಮುಖ ಯಾರದೆಂದು ಗುರುತಿಸುವುದು ಮಿದುಳಿನ ಒಂದು ಕಡೆಯಂತೆ, ಆ ಮುಖ ಕಂಡಾಗ ಉಕ್ಕುವ ಮಮತೆ ಇನ್ನೊಂದು ಕಡೆಯಂತೆ. ಪೆಟ್ಟು ಬಿದ್ದು ಎರಡರ ನಡುವಿನ ನರದ ದಾರಿ ಕೆಟ್ಟಿದೆ. ಕಣ್ಣಿಗೆ ಹೆಂಡತಿ ಕಾಣುತ್ತಾಳೆ, ಒಳಗೆ ಏನೂ ಮಿಡಿಯುವುದಿಲ್ಲ. ಹಾಗಾದರೆ ಇವಳು ಬೇರೆ ಯಾರೋ ಎಂದು ಮಿದುಳು ತೀರ್ಮಾನಿಸಿಬಿಡುತ್ತದೆ. ವಾದ ಮಾಡಬೇಡಿ, ಪರೀಕ್ಷೆ ಮಾಡಬೇಡಿ ಎಂದರು. ಸರಿಹೋಗುತ್ತದೆಯೇ ಎಂದಿದ್ದಕ್ಕೆ, ಹೋಗಬಹುದು ಎಂದರು. ಆ ಒಂದು ‘ಬಹುದು’ ಕಟ್ಟಿಕೊಂಡು ಊರಿಗೆ ಬಂದೆವು.

ಒಮ್ಮೆ ಸಿದ್ದಲಿಂಗವ್ವ ಪೇಟೆಯಿಂದ ಅವನಿಗೆ ಫೋನ್ ಮಾಡಿದಳು. ಎಣ್ಣೆ ಎಷ್ಟು ತರಲಿ ಎಂದು ಕೇಳುವುದಿತ್ತು.

‘ಸಿದ್ದವ್ವಾ, ಎಲ್ಲಿ ಅದಿ?’ ಅಂದ ಅವನು. ‘ಪಂಚಮಿ ಮುಗದು ಎಷ್ಟ ದಿನಾತು, ತವರುಮನಿ ಬಿಟ್ಟು ಬರೂದಿಲ್ಲೇನು?’

ಕಾಯಿಪಲ್ಯೆ ಮಾರುವವರ ನಡುವೆಯೇ ಅವಳು ಕುಸಿದು ಕುಳಿತಳಂತೆ. ಧ್ವನಿ ಒಳಗೆ ಹೋಗುವ ದಾರಿ ಬೇರೆ, ಅದು ಕೆಟ್ಟಿರಲಿಲ್ಲ. ಅಂದಿನಿಂದ ದಿನಾ ಹಿತ್ತಲಿಗೆ ಹೋಗಿ, ಪಡಸಾಲೆಯಲ್ಲಿ ಕುಳಿತ ಗಂಡನಿಗೆ ಫೋನ್ ಮಾಡುವಳು. ಮನಸಾರೆ ಮಾತಾಡುವರು. ಆಮೇಲೆ ಕಣ್ಣೊರೆಸಿಕೊಂಡು ಒಳಗೆ ಬಂದು ರೊಟ್ಟಿ ಬಡಿಸಿದರೆ, ನಿಮಗೆ ತ್ರಾಸ ಆಯಿತು ನೋಡ್ರಿ ಎಂದು ತಲೆ ತಗ್ಗಿಸಿ ಉಣ್ಣುವನು.

ನಮ್ಮ ಕಡೆ ಪಂಚಮಿಗೆ ತವರಿಗೆ ಹೋದ ಹೆಣ್ಣು ತಾನಾಗಿ ಮರಳುವುದಿಲ್ಲ, ಗಂಡನ ಮನೆಯವರು ಬಂದು ಕರೆದೊಯ್ಯಬೇಕು. ಸಿದ್ದಲಿಂಗವ್ವ ಅದನ್ನೇ ಹಿಡಿದಳು. ತವರಿನ ಹೊಸ್ತಿಲಲ್ಲಿ ಕಂಡರೆ ಗುರುತು ಹತ್ತೀತು ಎಂದು ಸುರೇಬಾನಕ್ಕೆ, ನಮ್ಮ ಮನೆಗೆ ಬಂದಳು. ಡಾಕ್ಟರಮ್ಮ ಹೇಳಿದ್ದನ್ನು ನೆನಪಿಸಿದೆ. ಮುಳುಗುವವರಿಗೆ ಹುಲ್ಲುಕಡ್ಡಿಯೂ ಆಸರೆ; ಕೇಳಲಿಲ್ಲ. ಬಂದು ಕರೆದುಕೊಂಡು ಹೋಗಿರೆಂದು ಅವನಿಗೆ ಫೋನ್ ಮಾಡಿಯೇಬಿಟ್ಟಳು. ನಾನು ಹೋಳಿಗೆಗೆ ಹೂರಣ ರುಬ್ಬಿದೆ. ಅವಳು ಹಸಿರು ಇಳಕಲ್ ಸೀರೆ ಉಟ್ಟು, ಹೂ ಮುಡಿದು ಬಾಗಿಲಲ್ಲಿ ನಿಂತಳು. ಮದುವೆಯ ದಿನವೂ ಅವಳು ಅಷ್ಟು ಹೆದರಿರಲಿಲ್ಲ.

ನಿಜಗುಣಪ್ಪಣ್ಣ ತನ್ನ ತಮ್ಮ ಮಡಿವಾಳೆಪ್ಪನ ಜೊತೆ ಬಸ್ಸಿಳಿದು ಬಂದ. ಗಡ್ಡ ಹೆರೆಸಿಕೊಂಡಿದ್ದ, ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದ. ಕೈಯಲ್ಲಿ ಹಸಿರು ಗಾಜಿನ ಬಳೆಗಳ ಪೊಟ್ಟಣ. ಅಳತೆಗೆಂದು ಅವಳ ಹಳೆಯ ಬಳೆಯೊಂದನ್ನು ಅಂಗಡಿಗೆ ಒಯ್ದಿದ್ದನಂತೆ. ಬಾಗಿಲಲ್ಲಿದ್ದವಳನ್ನು ಕಂಡು ನಿಂತ.

‘ನೀವು ಇಲ್ಲಿಗೂ ಬಂದ್ರೇನ್ರಿ?’ ಅಂದ. ಆಮೇಲೆ ನನ್ನ ಕಡೆ ತಿರುಗಿದ. ‘ತಂಗಿ, ಸಿದ್ದವ್ವ ಎಲ್ಲಿ?’

ಊರಿಗೆಲ್ಲ ಉತ್ತರ ಕೊಡುವ ನಾನು ಅವತ್ತು ಕೈಕಾಲಿಗೆ ನೀರು ತರುವ ನೆವ ಮಾಡಿ ಒಳಗೆ ಓಡಿದೆ. ಸಿದ್ದಲಿಂಗವ್ವ ಹಿತ್ತಲಿಗೆ ಹೋದಳು. ಹೊರಗೆ ಕಟ್ಟೆಯ ಮೇಲೆ ಕುಳಿತವನ ಫೋನ್ ರಿಂಗಣಿಸಿತು. ಅವನ ಮುಖ ಅರಳಿತು. ಅದನ್ನು ನೋಡಬೇಕಾದವಳು ಗೋಡೆಯ ಆಚೆಗಿದ್ದಳು. ನಡುಮನೆಯಲ್ಲಿ ನಿಂತ ನನಗೆ ಎರಡೂ ಕಡೆಯ ಮಾತು ಕೇಳುತ್ತಿತ್ತು. ಇನ್ನೂ ಸ್ವಲ್ಪ ದಿನ ತಡವಾಗುತ್ತದೆ, ಸಿಟ್ಟಾಗಬೇಡಿರಿ ಎಂದಳು. ಅವನು ಬಳೆ ತಂದದ್ದನ್ನು ಹೇಳಿದ.

‘ಅಲ್ಲೆ ನನ್ನಂಗ ಒಬ್ಬಾಕಿ ಅದಾಳಲ್ರಿ,’ ಅಂದಳು. ‘ಆಕಿ ಕೈಗೆ ಏರಸ್ರಿ. ನನಗ ಮುಟ್ಟತಾವು.’

ಅವನು ಪೊಟ್ಟಣವನ್ನು ತೊಡೆಯ ಮೇಲೆ ಸರಿಸಿಕೊಂಡ.

‘ಭಾಳ ಚಲೋ ಹೆಣ್ಮಗಳು ಆಕಿ. ಆದ್ರ ನಿನ್ನ ಬಳೆ ಮಂದಿ ಕೈಗೆ ಹೆಂಗ ಏರಸ್ಲಿ, ಸಿದ್ದವ್ವಾ? ನೀ ಬರೂತನಾ ಕಾಯ್ತೇನಿ.’

ನಾನು ಒಲೆಯ ಮುಂದೆ ಕುಳಿತು ಅತ್ತೆ. ಕೆಟ್ಟ ಗಂಡನಾಗಿದ್ದರೆ ಬೈದು ಹಗುರಾಗುತ್ತಿದ್ದೆ. ಹೆಂಡತಿಯ ಮೇಲಿನ ನಿಷ್ಠೆಗೇ ಹೆಂಡತಿಯನ್ನು ದೂರ ಇಡುವವನನ್ನು ಏನೆಂದು ಬೈಯುವುದು?

ಊಟ ಮುಗಿಸಿ, ಅವಳು ಬಂದ ಮೇಲೆ ಕೊಡು ಎಂದು ಪೊಟ್ಟಣವನ್ನು ನನ್ನ ಕೈಗಿಟ್ಟ. ಸಂಜೆಯ ಬಸ್ಸಿಗೆ ಮೂವರೂ ಹೊರಟರು. ಅವಳಿಗೆ ಕಿಟಕಿಯ ಸೀಟು ಬಿಟ್ಟುಕೊಟ್ಟು, ತಾನು ಹಿಂದಿನ ಸೀಟಿನಲ್ಲಿ ತಮ್ಮನ ಪಕ್ಕ ಕುಳಿತ. ನಾನು ಕಿಟಕಿಯಿಂದ ಬಳೆಗಳನ್ನು ಅವಳ ಮಡಿಲಿಗೆ ಹಾಕಲು ಹೋದೆ. ಅವಳು ನನ್ನ ಕೈ ಹಿಡಿದು ಹಿಂದೆ ನೂಕಿದಳು.

‘ಬ್ಯಾಡ ವೈನಿ,’ ಎಂದು ಸಣ್ಣಗೆ ಅಂದಳು. ‘ನನ್ನ ಕೈಯಾಗ ನೋಡಿದ್ರ, ಸಿದ್ದವ್ವನ ಬಳೆ ಕದ್ದಾಳ ಅಂತಾರ. ಈಗ ಚಲೋ ಹೆಣ್ಮಗಳು ಅಂತಾರ. ಅಷ್ಟಾದ್ರೂ ಇರ್ಲಿ.’