ಅಲೀಮಮ್ಮನ ತಾಮ್ರದ ಪಾತ್ರೆ

ಗಂಡ ರಿತೇಶನ ಉತ್ತರಕ್ರಿಯೆಯ ಬೊಜ್ಜ ಮುಗಿದು, ಉಂಡವರೆಲ್ಲ ಅವರವರ ಮನೆ ಸೇರಿದ ಮಾರನೆಯ ಬೆಳಿಗ್ಗೆ ಸುಪ್ರಿತಾಳನ್ನು ಎಬ್ಬಿಸಿದ್ದು ನಾಯಿಗಳು. ಸತ್ತವನಿಗಾಗಿ ಮಾಡಬೇಕಾದ್ದೆಲ್ಲ ಮಾಡಿ ಆಗಿತ್ತು. ಬಾಡಿಗೆಗೆ ತಂದ ಕುರ್ಚಿಗಳೂ ವಾಪಸು ಹೋಗಿದ್ದವು. ನಾಯಿಗಳಿಗೆ ಇದು ಯಾವುದೂ ಗೊತ್ತಿಲ್ಲ, ಅವುಗಳಿಗೆ ಗಂಜಿಯ ಹೊತ್ತಾಗಿತ್ತು.

ನರಿಮೊಗರಿನ ಆ ಮನೆಯ ಹಿಂದೆ ರಿತೇಶ್ ಕೆಂಪುಕಲ್ಲಿನಲ್ಲಿ ಸಾಲಾಗಿ ಗೂಡುಗಳನ್ನು ಕಟ್ಟಿಸಿದ್ದ. ಪ್ರವಾಸಕ್ಕೆ, ಗಲ್ಫಿಗೆ ಹೋಗುವವರು ತಮ್ಮ ನಾಯಿಗಳನ್ನು ಅಲ್ಲಿ ಬಿಟ್ಟುಹೋಗುತ್ತಿದ್ದರು. ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದ್ದ ಸುಪ್ರಿತಾ, ಮದುವೆಯಾಗಿ ಬಂದ ಮೇಲೆ ಕಾಲೇಜಿನ ಕೆಲಸ ಹುಡುಕುವುದನ್ನು ಬಿಟ್ಟು ಗಂಡನ ಜೊತೆ ಅದೇ ಕೆಲಸಕ್ಕೆ ನಿಂತಿದ್ದಳು. ಕಡಬದಲ್ಲಿ ಯಾರದೋ ನಾಯಿಯನ್ನು ನೋಡಿಕೊಂಡು ಬರುವಾಗ ರಿತೇಶನ ಬೈಕ್ ತಿರುವಿನಲ್ಲಿ ಜಾರಿತು. ಆ ಸಂಜೆಯಿಂದ ಅವಳು ಅತ್ತಿರಲಿಲ್ಲ. ಬಂದವರು ಅವಳನ್ನು ತಬ್ಬಿ ಅತ್ತರು. ಅವಳೇ ಅವರ ಬೆನ್ನು ಸವರಿ ಸಮಾಧಾನ ಮಾಡಿ ಕಳಿಸಿದಳು.

"ಮಗಾ, ಅವನ ಬಟ್ಟೆ ಎಲ್ಲ ಕೊಟ್ಟಾಯ್ತಲ್ಲ?" ಮಾವ ತ್ಯಾಂಪಣ್ಣ ಜಗಲಿಯಿಂದ ಕೇಳಿದರು. "ಅವನು ಮೈಗೆ ಹಾಕಿದ್ದು ಒಂದೂ ಉಳಿಯಬಾರದು. ಬೊಜ್ಜ ಆದ ಮೇಲೆ ಇಟ್ಟುಕೊಂಡ್ರೆ ಹೋದವನಿಗೂ ನೆಮ್ಮದಿ ಇಲ್ಲ, ಇದ್ದವರಿಗೂ ಇಲ್ಲ."

"ಆಯ್ತು ಮಾವ," ಎಂದವಳಿಗೆ ಒಂದು ಬೈರಾಸು ನೆನಪಾಯಿತು. ನಾಯಿಗಳ ಕೆಲಸ ಮಾಡುವಾಗ ರಿತೇಶ್ ಹೆಗಲ ಮೇಲೆ ಹಾಕಿಕೊಳ್ಳುತ್ತಿದ್ದ ಹಳೆಯ ಟವೆಲು. ಅದು ಕೈಸರನ ಗೂಡಿನಲ್ಲಿತ್ತು. ಕೈಸರ್ ಐವರ್ನಾಡಿನ ಒಂದು ಮನೆಯ ಜರ್ಮನ್ ಶೆಫರ್ಡ್. ಯಜಮಾನರು ಮಗಳ ಬಾಣಂತನಕ್ಕೆಂದು ಮಸ್ಕತ್ತಿಗೆ ಹೋದವರು ಇನ್ನೂ ಬಂದಿರಲಿಲ್ಲ. ಅವಳು ಒಳಗೆ ಹೋದಾಗ ಅದು ಬೈರಾಸಿನ ಮೇಲೆ ಗಲ್ಲ ಊರಿ ಮಲಗಿತ್ತು.

ಮಲಗಿದ ನಾಯಿಯ ಅಡಿಯಿಂದ ಏನನ್ನೂ ಎಳೆಯಬಾರದು. ಕೆಲಸಕ್ಕೆ ಬಂದವರಿಗೆಲ್ಲ ಅವಳು ಮೊದಲು ಹೇಳಿಕೊಡುತ್ತಿದ್ದ ಮಾತು ಅದು. ಆ ಬೆಳಿಗ್ಗೆ ಹೆಸರು ಹಿಡಿದು ಕರೆಯಲೂ ಇಲ್ಲ, ಬಗ್ಗಿ ಬೈರಾಸಿನ ತುದಿ ಹಿಡಿದು ಎಳೆದಳು.

ಕೈಸರ್ ಬೊಗಳಲಿಲ್ಲ. ಬಲಗೈಯ ಹೆಬ್ಬೆರಳಿನ ಬುಡಕ್ಕೆ ಬಾಯಿ ಹಾಕಿತು, ಒಮ್ಮೆ ಜಗ್ಗಿತು, ಬಿಟ್ಟಿತು. ಆಮೇಲೆ ತಾನೇ ಹೆದರಿ ಮೂಲೆಗೆ ಹೋಗಿ ನಿಂತಿತು.

ಅವಳು ಹೊರಗೆ ಬಂದು ಚಿಲಕ ಹಾಕುವಷ್ಟರಲ್ಲಿ ಗೇಟಿನ ಬಳಿ ಪಕ್ಕದ ಮನೆಯ ಅಲೀಮಮ್ಮ ನಿಂತಿದ್ದರು. ಯಾಕೆ ಬಂದರೆಂದು ಹೇಳಲಿಲ್ಲ. ರಕ್ತ ನೋಡಿದವರೇ ಬಂದು ಅವಳ ತೋಳು ಹಿಡಿದು ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಕೂರಿಸಿದರು, ನಲ್ಲಿ ಪೂರ್ತಿ ತಿರುಗಿಸಿದರು, ಬಾರ್ ಸೋಪು ತೆಗೆದುಕೊಂಡು ಗಾಯದೊಳಗೇ ಉಜ್ಜತೊಡಗಿದರು.

"ಬೇಡ ಅಲೀಮಮ್ಮ, ನಾಯಿ ಜೊಲ್ಲು ಉಂಟು. ನಾನೇ ತೊಳೀತೇನೆ."

"ಸುಮ್ನೆ ಕೂತ್ಕೊ ಮೋಳೆ. ಒಂದು ಕೈಯಲ್ಲಿ ಆ ಕೈಯನ್ನೇ ತೊಳೀಲಿಕ್ಕೆ ನೀನು ಎಂತ ಸರ್ಕಸ್ಸಿನವಳಾ?"

ಸೋಪು ಮಾಂಸಕ್ಕೆ ತಾಗಿದಾಗ ನೋವು ಮೊಣಕೈವರೆಗೆ ಹತ್ತಿತು. ಅವಳ ಗಂಟಲಿನಿಂದ ಒಂದು ಸ್ವರ ಹೊರಟಿತು. ಅದು ತನ್ನದೇ ಎಂದು ಅವಳಿಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು.

"ಕೂಗು ಮೋಳೆ," ಎಂದರು ಅಲೀಮಮ್ಮ, ಉಜ್ಜುವುದನ್ನು ನಿಲ್ಲಿಸದೆ. "ನಲ್ಲಿ ಬಿಟ್ಟಿದ್ದೇನಲ್ಲ, ಯಾರಿಗೂ ಕೇಳುದಿಲ್ಲ."

ಸುಪ್ರಿತಾ ಕೂಗಿದಳು. ಕೈಯ ನೋವಿಗೆ ಶುರುವಾದ ಅಳು ಕೈಯನ್ನು ದಾಟಿ ಎಲ್ಲೆಲ್ಲಿಗೋ ಹೋಯಿತು. ಟ್ಯಾಂಕಿಯ ನೀರು ಮುಗಿಯುತ್ತ ಬಂದರೂ ಅಲೀಮಮ್ಮ ನಲ್ಲಿ ನಿಲ್ಲಿಸಲಿಲ್ಲ.

ಪುತ್ತೂರಿನ ಆಸ್ಪತ್ರೆಗೆ ಕರೆದೊಯ್ದದ್ದು ಅಲೀಮಮ್ಮನ ಮಗ ನಿಯಾಝ್, ತನ್ನ ಆಟೋದಲ್ಲಿ. "ಉಮ್ಮ ಈಗ ಮಣ್ಣು ಹಚ್ಚಿ ಕೈ ತೊಳೀತಾ ಇರಬಹುದು ಅಕ್ಕ," ಎಂದ, ರಸ್ತೆಯಿಂದ ಕಣ್ಣು ತೆಗೆಯದೆ. "ನಾಯಿ ಜೊಲ್ಲು ತಾಗಿದ್ರೆ ನಮ್ಮಲ್ಲಿ ಏಳು ಸಲ ತೊಳೀಬೇಕು. ಅದರಲ್ಲಿ ಒಂದು ಸಲ ಮಣ್ಣು ಹಾಕಿ. ನೀವು ಬೇಜಾರು ಮಾಡ್ಬೇಡಿ."

"ನಾನೆಂತಕ್ಕೆ ಬೇಜಾರು ಮಾಡುದು ನಿಯಾಝ್?" ಎಂದಳು ಅವಳು. ಅಷ್ಟೆಲ್ಲ ತೊಳೆಯಬೇಕೆಂದು ಗೊತ್ತಿದ್ದೂ ಆ ಕೈ ಮುಂದೆ ಬಂತಲ್ಲ ಎಂದು ಅವಳು ದಾರಿಯುದ್ದಕ್ಕೂ ಯೋಚಿಸುತ್ತಿದ್ದಳು.

ಡಾಕ್ಟರು ಗಾಯದ ಸುತ್ತ ಸೂಜಿ ಚುಚ್ಚಿದರು, ತೋಳಿಗೂ ಕೊಟ್ಟರು, ಹೊಲಿಗೆ ಹಾಕದೆ ಪಟ್ಟಿ ಕಟ್ಟಿದರು. ಗಾಯವನ್ನು ಚೆನ್ನಾಗಿ ತೊಳೆದದ್ದು ಯಾರು ಎಂದು ಕೇಳಿದರು. ಮುಂದಿನ ಸೂಜಿಗಳನ್ನು ತಪ್ಪಿಸಬಾರದು, ನಾಯಿಯ ಮೇಲೆ ಹತ್ತು ದಿನ ಕಣ್ಣಿಡಿ ಎಂದರು.

ಮನೆಗೆ ಬಂದಾಗ ತ್ಯಾಂಪಣ್ಣ ಗೂಡುಗಳ ಕಡೆ ಮುಖ ಮಾಡಿ ನಿಂತಿದ್ದರು. "ಹತ್ತು ದಿನ ಆಗ್ಲಿ. ಆಮೇಲೆ ಆ ನಾಯಿ ಇಲ್ಲಿರುದು ಬೇಡ, ಐವರ್ನಾಡಿನವರ ತೋಟದಲ್ಲಿ ಕಟ್ಟಿಹಾಕಿ ಬರುವ. ಉಳಿದವನ್ನೂ ಅವರವರಿಗೆ ಒಪ್ಪಿಸುವ. ಮಗ ಹೋದ, ಸೊಸೆಯನ್ನೂ ಕಳಕೊಳ್ಳುದಾ ನಾನು?"

"ತಪ್ಪು ನನ್ನದು ಮಾವ. ಮಲಗಿದ್ದನ್ನು ಎಳೆದದ್ದು ನಾನು."

"ನಿನ್ನ ತಪ್ಪೋ ಅದರದ್ದೋ, ಕೈ ನಿನ್ನದು." ಅವರು ಗೂಡುಗಳಿಂದ ಅವಳ ಕಡೆ ತಿರುಗಿದರು. "ಪಟ್ಟಿ ಬಿಚ್ಚಿದ ಮೇಲೆ ನನ್ನೆದುರು ಅದರ ಗೂಡಿನ ಒಳಗೆ ಹೋಗಿ ಬಾ. ನೀನು ನಡುಗದೆ ಬಂದ್ರೆ ನಾನು ಮತ್ತೆ ಬಾಯಿ ಬಿಡುದಿಲ್ಲ. ನಡುಗಿದ್ರೆ ಎಲ್ಲ ಬಂದ್."

ಅವಳು ತಲೆಯಾಡಿಸಿದಳು. ರಿತೇಶನ ಅಂಗಿ, ಚಪ್ಪಲಿ ಎಲ್ಲ ಹೋಗಿತ್ತು. ಈ ಗೂಡುಗಳೂ ಬರಿದಾದರೆ ಬೆಳಿಗ್ಗೆ ಅವಳನ್ನು ಎಬ್ಬಿಸಲು ಯಾರೂ ಇರುತ್ತಿರಲಿಲ್ಲ.

ಕೈ ನಿಧಾನವಾಗಿ ವಾಸಿಯಾಯಿತು. ಬೆಟ್ಟಂಪಾಡಿಯಲ್ಲಿದ್ದ ಸೋದರತ್ತೆ ಫೋನು ಮಾಡಿ ಮೀನು ತಿನ್ನಬೇಡ, ಕುಂಬಳ ತಿನ್ನಬೇಡ ಎಂದರು. "ಅನ್ನ ತಿನ್ನಬಹುದಾ ಕೇಳು," ಎಂದರು ತ್ಯಾಂಪಣ್ಣ. ಅವಳು ಎಡಗೈಯಲ್ಲಿ ಊಟ ಮಾಡುವುದು, ಎಡಗೈಯಲ್ಲಿ ಹಲ್ಲುಜ್ಜುವುದು ಕಲಿತಳು. ತಲೆ ಬಾಚಲಿಕ್ಕೆ ಮಾತ್ರ ಅಲೀಮಮ್ಮನೇ ಬರುತ್ತಿದ್ದರು. ಸಿಕ್ಕು ಬಿಡಿಸುತ್ತ ಮದುವೆಯ ಸೀರೆ, ಬಳೆ ಅಂತ ಎಂತದೋ ಶುರುಮಾಡಿ ಅರ್ಧಕ್ಕೆ ನಿಲ್ಲಿಸುತ್ತಿದ್ದರು. ಗಂಡ ಸತ್ತವಳ ಮುಂದೆ ಮದುವೆಯ ಮಾತು ಬೇಡವೆಂದಿರಬೇಕು. ನಾಯಿಗಳಿಗೆ ಗಂಜಿ ಇಡುತ್ತಿದ್ದದ್ದು ನಿಯಾಝ್, ತಟ್ಟೆಯನ್ನು ತೆಂಗಿನ ಮಡಲಿನ ದಂಟಿನಿಂದ ಸರಳುಗಳಡಿಗೆ ನೂಕಿ.

"ನೀನೇನು ಕ್ಯಾರಂ ಆಡುದಾ?" ಎಂದು ತ್ಯಾಂಪಣ್ಣ ನಗಾಡಿದರು. ಮಗ ಹೋದ ಮೇಲೆ ಅವರು ನಕ್ಕದ್ದು ಅದೇ ಮೊದಲು.

ಸುಪ್ರಿತಾ ದಿನಾ ಸಂಜೆ ಕೈಸರನ ಗೂಡಿನ ಹೊರಗೆ, ಅದಕ್ಕೆ ಬೆನ್ನು ಹಾಕಿ, ಸ್ಟೂಲಿನ ಮೇಲೆ ಕೂರುತ್ತಿದ್ದಳು. ಸುತ್ತಿದ ಬಟ್ಟೆಯೊಂದನ್ನು ಬಲಗೈಯಲ್ಲಿ ಹಿಂಡಿ ಬಿಡುವುದು ಡಾಕ್ಟರು ಹೇಳಿದ ವ್ಯಾಯಾಮ. ಮೊದಮೊದಲು ನಾಯಿ ಮೂಲೆ ಬಿಟ್ಟು ಬರಲಿಲ್ಲ. ಆಮೇಲೊಂದು ಸಂಜೆ ಅವಳ ಬೆನ್ನಿಗೆ ಸರಳಿನ ನಡುವಿನಿಂದ ಬಿಸಿ ಉಸಿರು ತಾಗಿತು. ಬಟ್ಟೆ ಹಿಂಡುವುದನ್ನು ನಿಲ್ಲಿಸಿದಳು. ತಿರುಗಲಿಲ್ಲ. ಉಸಿರು ಅಲ್ಲೇ ಇತ್ತು. ಬೈರಾಸಿನ ವಾಸನೆ ಹಿಡಿದು ಅದು ಕಾಯುತ್ತಿದ್ದದ್ದು ರಿತೇಶನನ್ನು, ತಾನು ಎಳೆದುಕೊಳ್ಳಲು ಹೋದದ್ದೂ ಅವನನ್ನೇ ಎಂದು ಅವಳು ಅಂದುಕೊಂಡಳು. ಅದನ್ನು ಬೈಯಲು ಅವಳಿಗೆ ಆಗಲಿಲ್ಲ.

ಪಟ್ಟಿ ಬಿಚ್ಚುವ ಹಿಂದಿನ ದಿನ ನಿಯಾಝ್ ತಟ್ಟೆ ನೂಕುತ್ತ ಬಾಯಿ ತಪ್ಪಿ ಅಂದ: "ಈ ಪಾತ್ರೆ ನಮ್ಮದಲ್ವಾ ಅಕ್ಕ?"

ಅವಳು ನೋಡಿದಳು. ಗೂಡಿನ ಮೂಲೆಯಲ್ಲಿ ಕೈಸರನ ನೀರಿನ ಪಾತ್ರೆ. ಎರಡು ಕಿವಿಯ, ದಪ್ಪ ತಾಮ್ರದ್ದು. ಸ್ನೇಹಿತರು ಊಟಕ್ಕೆ ಬಂದ ದಿನ ರಿತೇಶ್ ಅಲೀಮಮ್ಮನಿಂದ ಕೇಳಿ ತಂದದ್ದು. ಮರುದಿನ ಕೈಸರ್ ಬಂತು, ಇಟ್ಟ ನೀರನ್ನೆಲ್ಲ ಮಗುಚಿ ಹಾಕಿತು. ಇದೊಂದು ಮಗುಚುವುದಿಲ್ಲ, ಇವತ್ತಿಗೆ ಇರಲಿ ಎಂದು ರಿತೇಶ್ ಇಟ್ಟ. ಆ ಇವತ್ತು ಮುಗಿಯಲೇ ಇಲ್ಲ.

"ತಂಗಿ ಶಿಫಾಳ ನಿಕಾಹ್ ಉಂಟಲ್ಲ, ಅದಕ್ಕೆ ಬೇಕಿತ್ತು. ಉಮ್ಮ ಆ ದಿನ ಬಂದದ್ದು ಇದನ್ನು ಕೇಳ್ಲಿಕ್ಕೆ." ನಿಯಾಝ್ ನಾಲಿಗೆ ಕಚ್ಚಿಕೊಂಡ. "ನಾನು ಹೇಳಿದೆ ಅಂತ ಹೇಳ್ಬೇಡಿ ಮಾರಾಯ್ರೆ, ನನ್ನನ್ನು ಮನೆಗೆ ಸೇರಿಸ್ಲಿಕ್ಕಿಲ್ಲ."

ನಲ್ಲಿಯ ಕೆಳಗೆ ತನ್ನ ಕೈ ಹಿಡಿದಿದ್ದವರು, ಇಷ್ಟು ದಿನ ತಲೆ ಬಾಚಿದವರು, ಒಂದು ದಿನವೂ ಪಾತ್ರೆಯ ಹೆಸರೆತ್ತಿರಲಿಲ್ಲ.

ಮರುದಿನ ಪಟ್ಟಿ ಬಿಚ್ಚಿಸಿಕೊಂಡು ಬಂದವಳೇ ಮಾವನಿಗೆ, "ಈಗ ಹೋಗ್ತೇನೆ. ಅಲೀಮಮ್ಮನ ಪಾತ್ರೆ ತೆಗೆದ್ರೆ ನೀರಿಗೆ ಕೈಸರ್ ಮಗುಚದ ಬೇರೆ ಎಂತಾದ್ರೂ ಇಡ್ಬೇಕು, ಬರೀ ತೆಗೆಯುದು ಆಗುದಿಲ್ಲ," ಎಂದಳು.

ತ್ಯಾಂಪಣ್ಣ ಅವಳ ಕೈಯ ಗುಲಾಬಿ ಬಣ್ಣದ ಗಾಯವನ್ನು ನೋಡಿದರು. ಹಿತ್ತಿಲಿಗೆ ಹೋದರು. ಮಿಕ್ಸಿ ಬಂದ ಮೇಲೆ ಯಾರೂ ಮುಟ್ಟದಿದ್ದ ಕಡೆಯುವ ಕಲ್ಲು ಅಲ್ಲಿ ಮಣ್ಣಲ್ಲಿ ಹೂತಿತ್ತು, ಗುಂಡಿಯಲ್ಲಿ ಮಳೆನೀರು ತುಂಬಿ. ಅವರೂ ನಿಯಾಝನೂ ಸೇರಿ ಅದನ್ನು ಉರುಳಿಸುತ್ತ ಗೂಡಿನ ಬಾಗಿಲಿಗೆ ತಂದರು.

ಸುಪ್ರಿತಾ ಕೈಸರನ ಹೆಸರು ಹಿಡಿದು ಕರೆದಳು. ಅದು ಎದ್ದು ನಿಲ್ಲುವವರೆಗೆ ಕಾದಳು. ಆಮೇಲೆ ಒಳಗೆ ಹೋಗಿ, ಪಕ್ಕಕ್ಕೆ ತಿರುಗಿ ಕುಕ್ಕರಗಾಲಲ್ಲಿ ಕುಳಿತು, ಬಲಗೈಯನ್ನೇ ಚಾಚಿದಳು. ಕೈ ನಡುಗುತ್ತಿತ್ತು. ನಾಯಿ ಗಾಯವನ್ನು ಮೂಸಿತು, ಮತ್ತೆ ಮೂಸಿತು, ಆಮೇಲೆ ತಲೆ ತಗ್ಗಿಸಿ ಅವಳ ಮೊಣಕಾಲಿಗೆ ಒರಗಿತು. ಅವಳು ಕೊರಳಪಟ್ಟಿಗೆ ಬೆಲ್ಟು ಸಿಕ್ಕಿಸಿದಳು. ಕೊಕ್ಕೆ ಸಿಕ್ಕಿಸಲು ಹೆಬ್ಬೆರಳಿನ ಬಲ ಸಾಲದೆ ಎರಡು ಸಲ ತಪ್ಪಿತು. ಕೈಸರ್ ಅಲುಗಲಿಲ್ಲ.

ಕಲ್ಲು ಒಳಗೆ ಬಂತು. ಪಾತ್ರೆ ಹೊರಗೆ ಬಂತು.

"ನಡುಗಿದೆ ಮಾವ," ಎಂದಳು ಬಾಗಿಲು ಹಾಕಿ.

"ನನಗೆ ಕನ್ನಡಕ ಇಲ್ಲ, ಕಾಣಲಿಲ್ಲ," ಎಂದರು ತ್ಯಾಂಪಣ್ಣ. ಕನ್ನಡಕ ಅವರ ಮೂಗಿನ ಮೇಲೇ ಇತ್ತು. "ಆ ಬೈರಾಸು ಅಲ್ಲೇ ಇರಲಿ. ಅದರದ್ದೇ ಆಯ್ತು."

ಅವಳು ಅದೇ ಒಗೆಯುವ ಕಲ್ಲಿನ ಹತ್ತಿರ ಕುಳಿತು ಪಾತ್ರೆ ತೊಳೆದಳು. ಮೊದಲು ಮಣ್ಣು ಹಚ್ಚಿ ಒಳಗೂ ಹೊರಗೂ ತಿಕ್ಕಿದಳು, ಆಮೇಲೆ ಪ್ರತಿಸಲವೂ ಹೊಸ ನೀರು. ಏಳನೆಯದು ಮುಗಿದಾಗ ಗಾಯ ಚುರುಗುಟ್ಟುತ್ತಿತ್ತು. ಹುಣಸೆಹುಳಿ ಹಚ್ಚಿ ಬೆಳಗಿದಳು. ಇಸಕೊಂಡ ಪಾತ್ರೆಯನ್ನು ಬರಿದಾಗಿ ಕೊಡಬಾರದು. ಬಚ್ಚಲಿನ ಹಿಂದೆ ರಿತೇಶ್ ಚಪ್ಪರ ಹಾಕಿದ್ದ ಬಸಳೆಯಿಂದ ಒಂದು ಕಟ್ಟು ಕೊಯ್ದು ಒಳಗಿಟ್ಟಳು.

ಅಲೀಮಮ್ಮ ಅಂಗಳದಲ್ಲಿ ಮೆಣಸು ಒಣಗಿಸುತ್ತಿದ್ದರು.

"ಅಲೀಮಮ್ಮ, ಇದರಲ್ಲಿ ನಾಯಿ ನೀರು ಕುಡಿದಿದೆ. ಇಷ್ಟು ದಿನವೂ ಕುಡಿದಿದೆ. ರಿತೇಶ್ ಇಟ್ಟದ್ದು, ಆಮೇಲೆ ನಾನು ಮರೆತದ್ದು. ಏಳು ಸಲ ತೊಳೆದಿದ್ದೇನೆ, ಒಂದು ಸಲ ಮಣ್ಣು ಹಚ್ಚಿ. ನಿಮಗೆ ಬೇಡ ಅನ್ನಿಸಿದ್ರೆ ಹೊಸತು ತಂದು ಕೊಡ್ತೇನೆ."

ಅಲೀಮಮ್ಮ ಪಾತ್ರೆಯನ್ನು ಬಿಸಿಲಿಗೆ ಹಿಡಿದು ತಿರುಗಿಸಿದರು. "ಎಲ್ಲಿಯ ಮಣ್ಣು? ಗೊಬ್ಬರ ಹಾಕಿದ ಜಾಗದ್ದಲ್ವಲ್ಲ?"

"ಅಲ್ಲ. ಬಾವಿ ಕಟ್ಟೆಯ ಹಿಂದಿನದ್ದು."

"ಮತ್ತೆಂತ?" ಪಾತ್ರೆಯನ್ನು ಸೊಂಟಕ್ಕೆ ಇಟ್ಟುಕೊಂಡರು. "ನನ್ನ ಪಾತ್ರೆಯಲ್ಲಿ ಬಾಯಾರಿದ ನಾಯಿಗೆ ನೀರಿಟ್ಟ. ಆ ಪುಣ್ಯ ಪೂರಾ ಅವನಿಗೇ ಹೋಗಿದೆ ಮೋಳೆ, ನನಗೆ ಒಂದು ಚೂರು ಬಿಡಲಿಲ್ಲ ನೋಡು."

ಸುಪ್ರಿತಾ ನಗಲು ಹೋದಳು, ಕಣ್ಣು ತುಂಬಿತು. ಅಲೀಮಮ್ಮ ಬಸಳೆಯ ದಂಟು ಮುರಿದು ಎಳೆಯದು ಹೌದೋ ನೋಡಿದರು.

"ಸಿಗಡಿ ಹಾಕಿ ಮಾಡ್ತೇನೆ. ಸಂಜೆ ಒಂದು ತಪಲೆ ತಗೊಂಡು ಬಾ. ನಿನ್ನದೇ ತಾ, ನನ್ನದು ಇನ್ನು ಕೊಡ್ಲಿಕ್ಕಿಲ್ಲ."