ಎಲ್ಲರ ಪರವಾಗಿ ಮುನಿಆಂಜಿನಪ್ಪ

ಸಂಜಯನಗರದ ನಮ್ಮ ಬೀದಿಯಲ್ಲಿ ಗೋಪಾಲಮ್ಮನವರನ್ನು ಯಾರಾದರೂ ಮಂಡಿನೋವು ಹೇಗಿದೆಯೆಂದು ಕೇಳಿದರೆ ಉತ್ತರ ಬರುತ್ತಿದ್ದುದು ಅವರ ಪತಿ ಮುನಿಆಂಜಿನಪ್ಪನವರ ಬಾಯಿಂದ. ಎಡಗಡೆಯದು ಪರವಾಗಿಲ್ಲ, ಬಲಗಡೆಯದು ಮೆಟ್ಟಿಲು ಹತ್ತುವಾಗ ಒಂಚೂರು ಹಿಡಿದುಕೊಳ್ಳುತ್ತದೆ ಎಂದು, ಆ ನೋವು ತಮ್ಮ ಮಂಡಿಯಲ್ಲೇ ವಾಸವಾಗಿರುವಂತೆ ಮುಖ ಕಿವಿಚಿಕೊಂಡು, ಅವರು ಸವಿವರವಾಗಿ ನಿವೇದಿಸುತ್ತಿದ್ದರು. ನೋವಿನ ಒಡತಿ ಪಕ್ಕದಲ್ಲೇ ಕೂತು ಸೊಪ್ಪು ಬಿಡಿಸುತ್ತಿರುತ್ತಿದ್ದರು. ಮದುವೆಯಾದ ಹೊಸತರಲ್ಲಿ ಆಕೆ ಒಂದೆರಡು ಸಲ ಬಾಯಿ ತೆರೆಯಲು ಯತ್ನಿಸಿರಬಹುದು. ನಾನು ನೆರೆಗೆ ಬರುವ ಹೊತ್ತಿಗೆ ಆ ಪ್ರಯತ್ನವೆಲ್ಲ ಮುಗಿದಿತ್ತು.

ಆಸಾಮಿ ಎತ್ತರ. ನಡೆಯುವಾಗ ಎರಡೂ ಮೊಣಕೈಗಳನ್ನು ಹೊರಗೆ ಚಾಚಿ, ಜನಸಂದಣಿಯನ್ನು ಸೀಳಿಕೊಂಡು ಹಿಂದಿನವರಿಗೆ ದಾರಿ ಮಾಡಿಕೊಡುವವರಂತೆ ನಡೆಯುತ್ತಿದ್ದರು, ಬೀದಿಯಲ್ಲಿ ಒಂದು ನರಪಿಳ್ಳೆ ಇಲ್ಲದಿದ್ದರೂ. ಬಿಳಿ ಪಂಚೆಯ ಮೇಲೆ ಸದಾಕಾಲವೂ ಒಂದು ಕಂದು ಬಣ್ಣದ ಕೋಟು, ಆ ಕೋಟಿನ ಜೇಬುಗಳಲ್ಲಿ ಹೆಂಡತಿಯ ಕನ್ನಡಕ, ಹೆಂಡತಿಯ ಬಿ.ಪಿ. ಮಾತ್ರೆ, ನೆಂಟರಿಷ್ಟರ ಆಧಾರ್ ಕಾರ್ಡುಗಳು. ಸ್ವಂತದ್ದೆಂದು ಹೇಳಿಕೊಳ್ಳಲು ಒಂದು ಕರವಸ್ತ್ರ ಬಿಟ್ಟರೆ ಅದರಲ್ಲಿ ಬೇರೇನೂ ಇದ್ದಂತೆ ನನಗೆ ಕಾಣಲಿಲ್ಲ. ಹೆಬ್ಬಾಳದ ಕೆರೆಯ ಕೆಳಗಿನ ಹಳೆಯ ಒಕ್ಕಲು ಮನೆತನ. ಗದ್ದೆಯಿದ್ದಲ್ಲಿ ಈಗ ಮಹಡಿಗಳೆದ್ದು, ಬಾಡಿಗೆ ಬರುತ್ತಿತ್ತು. ಪ್ರಾಯದಲ್ಲಿ ಮೆಜೆಸ್ಟಿಕ್ಕಿನ ಬಸ್ಸು ನಿಲ್ಲುವ ಮೊದಲೇ ಓಡಿಹೋಗಿ, ಕಿಟಕಿಯಿಂದ ಟವೆಲು, ಚೀಲ, ಕೊನೆಗೆ ಚಪ್ಪಲಿಯನ್ನೂ ಎಸೆದು, ಇನ್ನೂ ಮನೆಯಿಂದಲೇ ಹೊರಡದ ಊರವರಿಗೆಲ್ಲ ಸೀಟು ಹಿಡಿಯುತ್ತಿದ್ದರಂತೆ. ಇದನ್ನು ಅವರು ದಂಡಯಾತ್ರೆಯ ವೃತ್ತಾಂತದ ಹಾಗೆ ಹೇಳಿಕೊಳ್ಳುತ್ತಿದ್ದರು. "ನೀವ್ ಸುಮ್ಕಿರಿ, ನಾನಿದೀನಲ್ಲ" ಎಂಬುದು ಅವರ ಮಾತಿನ ಪಲ್ಲವಿ.

ಅವರ ಪರೋಪಕಾರದ ರುಚಿ ನನಗೂ ತಕ್ಕಮಟ್ಟಿಗೆ ಗೊತ್ತು. ಒಮ್ಮೆ ಹಲ್ಲುನೋವೆಂದು ಹೊರಟಾಗ, ಬೇಡವೆಂದರೂ ಕೇಳದೆ ಆರ್.ಟಿ. ನಗರದ ದಂತವೈದ್ಯರವರೆಗೆ ಜೊತೆಗೆ ಬಂದು, ನಾನು ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿರುವಾಗ, ಮೇಷ್ಟ್ರಿಗೆ ನೋಯುತ್ತಿರುವುದು ಇದೇ ಎಂದು ಆರೋಗ್ಯವಾಗಿದ್ದ ಒಂದು ಹಲ್ಲನ್ನು ಬೆರಳು ಮಾಡಿ ತೋರಿಸಿಬಿಟ್ಟರು. ಬಾಯ್ತುಂಬ ಹತ್ತಿ ತುರುಕಿಸಿಕೊಂಡವನು ಏನು ತಾನೇ ಪ್ರತಿಭಟಿಸಿಯಾನು? ಕಾಲು ಒದರಿ ಹೇಗೋ ಆ ಹಲ್ಲನ್ನು ಉಳಿಸಿಕೊಂಡೆ. ಹೊರಗೆ ಬಂದ ಮೇಲೆ ಎರಡು ದಿನ ಅವರ ಜೊತೆ ಮಾತು ಬಿಟ್ಟಿದ್ದೆ. ಅವರಿಗೆ ಅದು ತಿಳಿಯಲೇ ಇಲ್ಲ, ಏಕೆಂದರೆ ನನ್ನ ಪಾಲಿನ ಮಾತನ್ನೂ ಅವರೇ ಆಡುತ್ತಿದ್ದರು.

ಹೀಗಿರುವಲ್ಲಿ ಒಂದು ಸಂಜೆ ಅವರ ಮನೆಯ ತಾರಸಿಯಲ್ಲಿ, ಪತಿರಾಯರು ಕೆಳಗೆ ಕಾಫಿ ತರಲು ಹೋದ ಆ ಅಲ್ಪಾವಕಾಶದಲ್ಲಿ, ಗೋಪಾಲಮ್ಮನವರು ಸುತ್ತಲ ಕಟ್ಟಡಗಳನ್ನೇ ನೋಡುತ್ತಾ ನನ್ನನ್ನು ಕೇಳಿದರು: "ಮೇಷ್ಟ್ರೇ, ಒಂದು ಮನೇನೂ ಇಲ್ದಿರೋ ಜಾಗ ಅಂತ ಎಲ್ಲಾದ್ರೂ ಉಳ್ಕೊಂಡೈತಾ?" ಮೆಟ್ಟಿಲು ಹತ್ತುತ್ತಿದ್ದ ಮುನಿಆಂಜಿನಪ್ಪನವರಿಗೆ ಅದು ಕೇಳಿಸಿತು. ಹೆಂಡತಿ ತಾನಾಗಿ ಬಾಯಿಬಿಟ್ಟು ಕೇಳಿದ ಮೊದಲ ಆಸೆ ಅದಾಗಿರಬೇಕು. ಮನುಷ್ಯ ಆ ರಾತ್ರಿ ಸರಿಯಾಗಿ ಊಟವನ್ನೂ ಮಾಡಲಿಲ್ಲವಂತೆ.

ಪ್ರವಾಸದ ವ್ಯವಹಾರ ನಡೆಸುವ ರವಿಕಿರಣ ಎಂಬ ತರುಣನನ್ನು ಅವರು ಎಲ್ಲಿಂದಲೋ ಪತ್ತೆಹಚ್ಚಿ ಕರೆತಂದರು. ಸೆಷೆಲ್ಸ್ ದೇಶದ ಬಂದರಿನಿಂದ ಒಂದು ಸಣ್ಣ ಹಡಗು ಹೊರಡುತ್ತದೆ, ಭೂಪಟದಲ್ಲಿ ಎಳ್ಳು ಚೆಲ್ಲಿದಂತೆ ಕಾಣುವ ದೂರದ ದ್ವೀಪಗಳನ್ನು ಒಂದೊಂದಾಗಿ ಸುತ್ತುತ್ತದೆ, ಅವುಗಳಲ್ಲಿ ಕೆಲವಕ್ಕೆ ಹಕ್ಕಿ ಮತ್ತು ಆಮೆಗಳಲ್ಲದೆ ಬೇರೆ ನಿವಾಸಿಗಳೇ ಇಲ್ಲ ಎಂದು ಅವನು ವರ್ಣಿಸಿದ. ಆ ಹಡಗಿಗೆ ಮೇಷ್ಟ್ರೂ ಬರುತ್ತಾರೆಂದು ನನ್ನ ಪರವಾಗಿ ಒಪ್ಪಿಗೆ ಕೊಟ್ಟಾದ ಮೇಲೆ ನನಗೆ ತಿಳಿಸಲಾಯಿತು. ಸಿಟ್ಟು ಬಂತು, ಹೊರಟೂ ಹೊರಟೆ.

ಹಡಗು ನಿಜಕ್ಕೂ ಸಣ್ಣದು. ಕುಣಿತದ ಅಂಗಳವಿಲ್ಲ, ಅಂಗಡಿಗಳಿಲ್ಲ. ಕೊರಳಿಗೆ ದುರ್ಬೀನು ನೇತುಹಾಕಿಕೊಂಡ ಯುರೋಪಿನ ಹಿರಿಯರು, ಮತ್ತು ನಾವು. ದ್ವೀಪದ ಹತ್ತಿರ ಲಂಗರು ಹಾಕಿ, ರಬ್ಬರಿನ ದೋಣಿಗಳಲ್ಲಿ ಜನರನ್ನು ದಡಕ್ಕೆ ಸಾಗಿಸುತ್ತಿದ್ದರು. ಅಲ್ಲಿ ಒಂದೇ ಒಂದು ಕಟ್ಟುನಿಟ್ಟಿನ ನಿಯಮ. ದೋಣಿಗಿಳಿಯುವ ಬಾಗಿಲ ಬಳಿ ಒಂದು ಹಲಗೆ, ಅದರ ಮೇಲೆ ಪ್ರತಿಯೊಬ್ಬರ ಸಂಖ್ಯೆಯ ದುಂಡನೆಯ ಬಿಲ್ಲೆ. ಹಡಗಿನಿಂದ ಇಳಿಯುವಾಗ ನಿಮ್ಮ ಬಿಲ್ಲೆಯನ್ನು ಕೆಂಪು ಮಗ್ಗುಲಿಗೆ ತಿರುಗಿಸಬೇಕು, ಮರಳಿ ಹತ್ತಿದಾಗ ಹಸಿರಿಗೆ. ಯಾರ ಬಿಲ್ಲೆಯನ್ನು ಅವರೇ ತಿರುಗಿಸಬೇಕೆಂದು, ಜೊತೆಗೇ ಬಂದಿದ್ದ ರವಿಕಿರಣ ನಮಗೆ ಕನ್ನಡದಲ್ಲಿ ಮತ್ತೆ ಮತ್ತೆ ಹೇಳಿದ್ದ. ಮುನಿಆಂಜಿನಪ್ಪನವರು ತಲೆಯಾಡಿಸಿ, ಮೊದಲ ದಿನದಿಂದಲೇ ತಮ್ಮಿಬ್ಬರದನ್ನೂ ನನ್ನದನ್ನೂ ತಾವೇ ತಿರುಗಿಸತೊಡಗಿದರು. ಅಷ್ಟು ಜನ ಹಲಗೆಯ ಮುಂದೆ ನೂಕಾಡುವುದು ಯಾತಕ್ಕೆ, ನಾನಿದೀನಲ್ಲ.

ಆ ದಿನ ನಾವು ಇಳಿದದ್ದು ಬರಿಯ ಮರಳಿನ ದ್ವೀಪ. ಒಂದು ತುದಿಯಲ್ಲಿ ಸೊಂಟದೆತ್ತರದ ಕುರುಚಲು, ಉಳಿದಂತೆ ಕಣ್ಣು ಕುಕ್ಕುವ ಬಿಳುಪು, ತಲೆಯ ಮೇಲೆ ಸಹಸ್ರಾರು ಕಡಲಹಕ್ಕಿಗಳ ಕಲರವ. ಹುಣ್ಣಿಮೆ ಹತ್ತಿರವಿದ್ದುದರಿಂದ ಸಂಜೆಯ ಉಬ್ಬರಕ್ಕೆ ಮರಳೆಲ್ಲ ಮುಳುಗಿ, ಕುರುಚಲಿನ ಬುಡದವರೆಗೂ ನೀರು ಬರುತ್ತದೆಂದು ಹಡಗಿನವರು ಎಚ್ಚರಿಸಿದ್ದರು. ಗೋಪಾಲಮ್ಮನವರು ಚಪ್ಪಲಿ ಬಿಟ್ಟು, ಬರಿಗಾಲಲ್ಲಿ, ಯಾರ ಹಿಂದೆಯೂ ಅಲ್ಲದೆ ನಡೆದುಹೋದರು. ಲೈಫ್ ಜಾಕೆಟ್ಟನ್ನು ಎಲ್ಲರೂ ದಡದಲ್ಲಿ ಬಿಚ್ಚಿಟ್ಟಿದ್ದರೆ ಆಕೆ ಮಾತ್ರ ತೊಟ್ಟೇ ಇದ್ದರು, ಏಕೆಂದರೆ ಅದನ್ನು ಕಟ್ಟಿದವರು ಗಂಡ, ಬಿಚ್ಚಕೂಡದೆಂದು ಅಪ್ಪಣೆ ಮಾಡಿದವರೂ ಅವರೇ. ನಾವು ಹೊರಟಾಗ ಆಕೆ ದೂರದಿಂದಲೇ ಕೈಬೀಸಿ, ಕೊನೆಯ ದೋಣಿಗೆ ಬರುತ್ತೇನೆಂದರು. ಮುನಿಆಂಜಿನಪ್ಪನವರು ಮನಸ್ಸಿಲ್ಲದ ಮನಸ್ಸಿನಿಂದ ನನ್ನ ಜೊತೆ ದೋಣಿ ಹತ್ತಿದರು.

ಹಡಗಿಗೆ ಬಂದು ತಮ್ಮ ಬಿಲ್ಲೆ ತಿರುಗಿಸಿದರು, ನನ್ನದನ್ನು ತಿರುಗಿಸಿದರು. ಆಮೇಲೆ, ಹೇಗೂ ಕೊನೆಯ ದೋಣಿಯಲ್ಲಿ ಬರುತ್ತಾಳೆ, ಮಂಡಿನೋವಿನವಳು ಇಲ್ಲಿ ಬಂದು ಬಗ್ಗುವುದೇಕೆಂದು, ಬಾರದಿದ್ದ ಹೆಂಡತಿಯ ಬಿಲ್ಲೆಯನ್ನೂ ಹಸಿರಿಗೆ ತಿರುಗಿಸಿಬಿಟ್ಟರು. ಬಸ್ಸಿನ ಸೀಟಿಗೆ ಟವೆಲು ಹಾಕುವ ಕೈಯಲ್ಲವೇ ಅದು! ಆ ಗಡಿಬಿಡಿಯಲ್ಲಿ ನಾನಾಗಲಿ ರವಿಕಿರಣನಾಗಲಿ ಅದನ್ನು ಗಮನಿಸಲಿಲ್ಲ. ಕೊನೆಯ ದೋಣಿಯವರು ದಡದಿಂದ ವಾಕಿಟಾಕಿಯಲ್ಲಿ ವಿಚಾರಿಸಿದಾಗ, ಹಡಗಿನವರು ಹಲಗೆ ನೋಡಿ, ನಿಮ್ಮ ದೋಣಿ ಹತ್ತಿರುವ ಮೂವರು ಪ್ರಯಾಣಿಕರ ಹೊರತು ಯಾರೂ ಬಾಕಿಯಿಲ್ಲವೆಂದರು. ದೋಣಿ ಬಂತು. ಲಂಗರು ಎತ್ತಿದರು.

ತಿಳಿದದ್ದು ಚಹಾದ ಹೊತ್ತಿಗೆ. ಎಂದಿನಂತೆ ಹೆಂಡತಿಗೆ ಅರ್ಧ ಚಮಚ ಸಕ್ಕರೆ ಬೆರೆಸಿ ಕೋಣೆಗೆ ಒಯ್ದವರು ಆ ಲೋಟವನ್ನು ಹಾಗೇ ಹಿಡಿದುಕೊಂಡು ವಾಪಸು ಬಂದರು. ಮೇಲಟ್ಟದಲ್ಲಿರಬಹುದೆಂದೆ, ಅಲ್ಲಿರಲಿಲ್ಲ. ರವಿಕಿರಣ ಓಡಿಹೋಗಿ ಅಧಿಕಾರಿಯನ್ನು ಕರೆತಂದ. ಆತ ಹಲಗೆಯನ್ನು ತೋರಿಸಿ, ಆಕೆ ಹಡಗಿನಲ್ಲೇ ಇದ್ದಾರೆ, ಗಾಬರಿ ಬೇಡ ಎಂದು, ಸ್ನಾನದ ಮನೆಗಳಲ್ಲಿ, ಪುಸ್ತಕದ ಕೋಣೆಯಲ್ಲಿ ಹುಡುಕಿಸಲು ಆಳುಗಳನ್ನು ಅಟ್ಟಿದ. ಹಡಗು ಮುಂದೆ ಮುಂದೆ ಹೋಗುತ್ತಲೇ ಇತ್ತು. ಹಿಂದೆ ಉಬ್ಬರ ಏರುತ್ತಿತ್ತು. ಮುನಿಆಂಜಿನಪ್ಪನವರು ಆ ಹಸಿರು ಬಿಲ್ಲೆಯನ್ನೇ ದಿಟ್ಟಿಸುತ್ತಾ ನಿಂತಿದ್ದರು. ಊರಿನವರೆಲ್ಲರ ಪರವಾಗಿ ನಿರರ್ಗಳವಾಗಿ ಮಾತಾಡಿದ ಆ ಬಾಯಿ ತನ್ನ ಪರವಾಗಿ ಒಂದು ಮಾತು ಆಡಲು ಪಟ್ಟ ಕಷ್ಟವನ್ನು ನಾನು ನೋಡಿದೆ.

"ರವಿ, ಅವ್ಳು ಈ ಅಡಗಲ್ಲಿಲ್ಲ ಕಣಪ್ಪಾ. ಅದು ನಾನ್ ತಿರುಗ್ಸಿದ್ದು."

ಹಡಗು ತಿರುಗಿತು. ಯಾರೂ ಅವರನ್ನು ಬೈಯಲಿಲ್ಲ, ಬೈದಿದ್ದರೆ ಅವರಿಗೆ ಹಗುರವಾಗುತ್ತಿತ್ತೇನೋ. ಕಟಕಟೆ ಹಿಡಿದು ನಿಂತವರು ಕೋಟಿನ ಜೇಬಿನಿಂದ ಒಂದೊಂದಾಗಿ ಹೆಂಡತಿಯ ಕನ್ನಡಕ, ಮಾತ್ರೆ ತೆಗೆದು ನೋಡಿ ಮತ್ತೆ ಒಳಗಿಡುತ್ತಿದ್ದರು. "ನೀರಿನ ಬಾಟ್ಲೂ ನನ್ನತ್ರಾನೇ ಐತೆ ಮೇಷ್ಟ್ರೇ" ಎಂದರು. ಹೆದರಿಕೆ ನನಗೂ ಇತ್ತು, ವಿಪರೀತ ಹೆದರಿಕೆ. ಸೂರ್ಯ ಇಳಿಯುತ್ತಿದ್ದ, ಆಕೆಗೆ ಈಜು ಬಾರದು, ಮತ್ತು ಸಮುದ್ರವೆಂಬುದು ಯಾರ ಮಾತನ್ನೂ ಕೇಳುವಂಥದ್ದಲ್ಲ.

ದ್ವೀಪ ಕಂಡಾಗ ಮರಳು ಕಾಣಲಿಲ್ಲ. ನೀರಿನ ನಡುವೆ ಕುರುಚಲಿನ ಒಂದು ಮುಷ್ಟಿ ಹಸಿರು, ಅದರ ಮೇಲೆ ಹಕ್ಕಿಗಳ ಗುಂಪು. ಯಾರೋ ಕೊಟ್ಟ ದುರ್ಬೀನಿನಲ್ಲಿ ಹುಡುಕುತ್ತಾ ಹೋದೆ. ಪೊದೆಯ ನಡುವೆ ಕಿತ್ತಳೆ ಬಣ್ಣದ ಒಂದು ಚುಕ್ಕೆ ಅಲುಗಿತು. ಲೈಫ್ ಜಾಕೆಟ್! ಬಿಚ್ಚಕೂಡದೆಂಬ ಆ ಅಪ್ಪಣೆಗೆ ನಾನು ಮನಸಾರೆ ವಂದಿಸಿದೆ. ಪ್ರಯಾಣಿಕರು ಹೋಗುವಂತಿಲ್ಲವೆಂದರೂ ಮುನಿಆಂಜಿನಪ್ಪನವರು ಕೋಟನ್ನು ನನ್ನ ಕೈಗಿಟ್ಟು ದೋಣಿಗೆ ಇಳಿದೇಬಿಟ್ಟರು, ಮತ್ತು ಅದು ಪೊದೆಯ ಹತ್ತಿರ ನಿಲ್ಲುವ ಮುನ್ನವೇ ಸೊಂಟದುದ್ದದ ನೀರಿಗೆ ಹಾರಿ, "ಗೋಪಾಲಮ್ಮಾ" ಎಂದು ಕೂಗಿದರು. ಜೀವಮಾನವಿಡೀ "ಇವಳೇ" ಎಂದು ಕರೆದವರ ಬಾಯಲ್ಲಿ ನಾನು ಆ ಹೆಸರು ಕೇಳಿದ್ದು ಅದೇ ಮೊದಲು.

ಹಡಗಿನ ಬಾಗಿಲಲ್ಲಿ ವೈದ್ಯೆ ಕಾಯುತ್ತಿದ್ದಳು. ಮಂಡಿಯವರೆಗೆ ಸೀರೆ ಒದ್ದೆಯಾಗಿದ್ದರೂ ನೆಟ್ಟಗೆ ನಿಂತಿದ್ದ ಗೋಪಾಲಮ್ಮನವರನ್ನು ಹೇಗಿದ್ದೀರೆಂದು ಅವಳು ಕೇಳಿದಾಗ, ಅಳುತ್ತಿದ್ದ ಮುನಿಆಂಜಿನಪ್ಪನವರು ಮೂಗೊರೆಸಿಕೊಂಡು, ಅವಳಿಗೇನೂ ಆಗಿಲ್ಲ, ಒಂಚೂರು ಚಳಿ ಅಷ್ಟೇ ಎಂದು ಶುರುಮಾಡಿದರು.

"ಕೇಳ್ತಿರೋದು ನನ್ನ ಕಣ್ರೀ" ಎಂದರು ಆಕೆ.

ಅವರು ತೆರೆದ ಬಾಯಿ ಹಾಗೇ ಮುಚ್ಚಿದರು. ಗೋಪಾಲಮ್ಮನವರು ಸಾವಕಾಶವಾಗಿ, ರವಿಕಿರಣನ ಕಡೆ ತಿರುಗಿ, ಅದನ್ನು ಇಂಗ್ಲಿಷಿಗೆ ಮಾಡಿ ಹೇಳುವಂತೆ ಸನ್ನೆ ಮಾಡಿ, ನಡೆದದ್ದನ್ನೆಲ್ಲ ತಾವೇ ಹೇಳಿದರು: ಪೊದೆಯಾಚೆ ಒಂದು ಮರಿಹಕ್ಕಿಯನ್ನು ನೋಡುತ್ತಾ ಕೂತಿದ್ದದ್ದು, ದೋಣಿ ಹೊರಟ ಮೋಟಾರಿನ ಸದ್ದು ಕೇಳಿಯೂ ಇನ್ನೂ ಒಂದು ದೋಣಿ ಇದೆಯೆಂದುಕೊಂಡದ್ದು, ನೀರು ಬಂದ ಹಾಗೆಲ್ಲ ಹಿಂದೆ ಹಿಂದೆ ಸರಿದದ್ದು. "ಎದ್ರಿಕೆ ಆಯ್ತು, ಸುಳ್ಳ್ಯಾಕ್ ಏಳ್ಲಿ. ಆದ್ರೆ ಇವ್ರು ಬರ್ದೆ ಇರೋರಲ್ಲ." ಅಷ್ಟು ಹೇಳಿ ಹಲಗೆಯ ಹತ್ತಿರ ಹೋಗಿ ತಮ್ಮ ಬಿಲ್ಲೆಯನ್ನು ಹುಡುಕಿದರು. ಆ ಗಾಬರಿಯಲ್ಲಿ ಯಾರೂ ಅದನ್ನು ಮುಟ್ಟಿರಲಿಲ್ಲ. ಅದಿನ್ನೂ ಹಸಿರಾಗಿಯೇ ಇತ್ತು. ಆಕೆ ಅದನ್ನು ಕೆಂಪಿಗೆ ತಿರುಗಿಸಿ, ಒಂದು ಗಳಿಗೆ ನೋಡಿ, ಮತ್ತೆ ತಮ್ಮ ಕೈಯಾರೆ ಹಸಿರಿಗೆ ತಿರುಗಿಸಿದರು.

ಊಟವಾದ ಮೇಲೆ ಇಬ್ಬರೂ ಮೇಲಟ್ಟದ ಕುರ್ಚಿಗಳಲ್ಲಿ ಕೂತಿದ್ದರು. ಗೋಪಾಲಮ್ಮನವರು ಬೆಳದಿಂಗಳಲ್ಲಿ ನೀರು ನೋಡುತ್ತಿದ್ದರು. ಮುನಿಆಂಜಿನಪ್ಪನವರು ಕತ್ತು ಒಂದು ಕಡೆ ವಾಲಿಸಿ, ಬಾಯಿ ತೆರೆದು, ಗೊರಕೆ ಹೊಡೆಯುತ್ತಿದ್ದರು. ಪ್ರಯಾಣದಲ್ಲಿ ಅವರು ಹೀಗೆ ಮೈಮರೆತು ಮಲಗಿದ್ದನ್ನು ನಾನೆಂದೂ ಕಂಡಿರಲಿಲ್ಲ. ಬಸ್ಸಾಗಲಿ ರೈಲಾಗಲಿ, ಎಲ್ಲರೂ ನಿದ್ರಿಸುವಾಗ ಎದ್ದಿರುವುದು ಅವರದೇ ಪಾಳಿಯಾಗಿತ್ತು. ಇಂಥವರು ನಮ್ಮಲ್ಲಿ ಬೀದಿಗೊಬ್ಬರಿದ್ದಾರೆ. ಅವರನ್ನು ನಾವು ಸಹಿಸುತ್ತೇವೆ, ಹಿಂದಿನಿಂದ ನಗುತ್ತೇವೆ, ಅವರು ಹಿಡಿದಿಟ್ಟ ಸೀಟಿನಲ್ಲಿ ಸಂಕೋಚವಿಲ್ಲದೆ ಕೂರುತ್ತೇವೆ. ಆ ಅಧಿಕಪ್ರಸಂಗದ ಒಳಗೆ ಎಷ್ಟೊಂದು ದಿಗಿಲು ಅವಿತಿದೆಯೆಂದು ಕೇಳುವುದಿಲ್ಲ. ತಾವು ಒಂದು ಕ್ಷಣ ಕೈಬಿಟ್ಟರೆ ತಮ್ಮವರು ಉಳಿಯುವುದಿಲ್ಲವೆಂದು ನಂಬಿ ಬಾಳುವ ಜನ ಅವರು. ತಮ್ಮ ನೆರಳಿಲ್ಲದ ಕಡೆಯೂ ತಮ್ಮವರು ಬದುಕಿರುತ್ತಾರೆಂದು ಒಮ್ಮೆ ಕಣ್ಣಾರೆ ಕಂಡ ಮೇಲೆಯೇ ಅವರಿಗೆ ನಿದ್ದೆ ಬರುವುದು.